ಬೋರ್ಡಿನ ಮೊದಲ ಸಾಲು

ಕಳೆದ ವಾರ ಬೀಜಾಡಿಯ ಶಾಲೆಯ ಮುಂದೆ ಆಟೋ ಇಳಿದಾಗ ಟರ್ಪೆಂಟೈನ್ ವಾಸನೆ ಬಂತು. ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಆ ಶಾಲೆಯಲ್ಲಿ ಟೀಚರಾಗಿದ್ದ ನಾನು ನಿವೃತ್ತಳಾಗಿ ಎಂಟು ವರ್ಷವಾಯಿತು. ಆದರೂ ಆ ವಾಸನೆಗೆ ಕಾಲು ತಾನಾಗಿ ಜಗಲಿಯ ಬೋರ್ಡಿನ ಕಡೆಗೆ ನಡೆಯಿತು. ಅದನ್ನು ಬರೆದವರು ನಮ್ಮ ನೆರೆಮನೆಯವರು. ಊರಿಗೆಲ್ಲ ಪೇಂಟರು, ನನಗೆ ಅಣ್ಣ.

ಅವರನ್ನು ಎಂದಿನಂತೆ ಕಂಡ ಕೊನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ, ಬೇಲಿಯಾಚೆ ತೆಂಗಿನ ಬುಡದಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದರು. ಶಾಲೆಯ ಬೋರ್ಡಿನಲ್ಲಿ ಒಂದು ಕೆಲಸ ಉಳಿದಿದೆಯಲ್ಲ ಎಂದು ನೆನಪಿಸಿದೆ. "ಮಳಿ ಬಿಡ್ಲಿ ಟೀಚರೆ, ಬಂದ್ ಬರ್ದ್ ಹಾಕ್ತೆ" ಅಂದರು. ನಾನು ಹೂಂ ಅಂದು ಬಸ್ಸಿಗೆ ಹೋದೆ. ಅಷ್ಟೇ...

ಅದಕ್ಕೆ ಎರಡು ತಿಂಗಳ ಹಿಂದೆ ಶಾಲೆಯ ಎಪ್ಪತ್ತೈದನೆಯ ವರ್ಷದ ಸಮಾರಂಭಕ್ಕೆ ಸಮಿತಿ ಆಗಿತ್ತು. ನಾನು ಕಾರ್ಯದರ್ಶಿ. ಅಧ್ಯಕ್ಷರು ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಶಾಲೆಗೆ ಜಾಗ ಕೊಟ್ಟ ಹಿರಿಯರ ಮೊಮ್ಮಗ. ಅಜ್ಜನ ಜಾತಕ ತೆಗೆದು ನೋಡುವಾಗ ಅವರಿಗೊಂದು ವಿಚಾರ ಹೊಳೆಯಿತು. ಅಜ್ಜ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿನ ಮನ್ಮಥ ಸಂವತ್ಸರದಲ್ಲಿ. ಅದೇ ವರ್ಷ ನಮ್ಮೂರಿನಲ್ಲಿ ಕೈಗುಣದ ಪಂಡಿತರೊಬ್ಬರು, ಮದರಾಸಿನವರೆಗೆ ಹೋಗಿ ವಾದಿಸಿದ ವಕೀಲರೊಬ್ಬರು, ಮೂರು ಯಕ್ಷಗಾನ ಮೇಳಗಳಲ್ಲಿ ಹಾಡಿದ ಭಾಗವತರೊಬ್ಬರು ಹುಟ್ಟಿದ್ದರು. ಹುಡುಕಿದರೆ ಎಲ್ಲರ ಜಾತಕವೂ ಸಿಕ್ಕಿತು. ಇಷ್ಟು ಸಣ್ಣ ಊರಿಗೆ ಒಂದೇ ವರ್ಷ ನಾಲ್ವರು ದೊಡ್ಡವರು! ಅವರ ಹೆಸರಿನ ಬೋರ್ಡು ಶಾಲೆಯ ಜಗಲಿಯಲ್ಲಿರಬೇಕು ಎಂದು ತೀರ್ಮಾನವಾಯಿತು.

ಅಳತೆ ತೆಗೆಯಲು ಬಂದ ಅಣ್ಣ ಪಟ್ಟಿ ಓದಿ, "ನಾಲ್ಕಲ್ಲ, ಐದ್" ಅಂದರು.

ಐದನೆಯವರು ಅವರ ಅಜ್ಜಿ. ಊರಿನ ಸೂಲಗಿತ್ತಿ. ಶಾಲೆಯ ಮೊದಲ ಹಾಜರಿ ಪುಸ್ತಕದಲ್ಲಿರುವ ಮಕ್ಕಳೆಲ್ಲ ಹೆಚ್ಚುಕಡಿಮೆ ಅವಳ ಕೈಯಲ್ಲೇ ಭೂಮಿಗೆ ಬಂದವರು. ಅಧ್ಯಕ್ಷರ ತಂದೆಯೂ ಹಾಗೆಯೇ. ಅವಳು ದೊಡ್ಡವಳಲ್ಲ ಎಂದು ಯಾರೂ ಅನ್ನಲಿಲ್ಲ. ಅವಳು ಅದೇ ವರ್ಷ ಹುಟ್ಟಿದ್ದಕ್ಕೆ ಆಧಾರವೇನು ಎಂದಷ್ಟೇ ಕೇಳಿದರು. ಕಡಲ ದಂಡೆಯ ಮನೆಗಳಲ್ಲಿ ಆಗ ಜಾತಕ ಎಲ್ಲಿತ್ತು? ಬೈಗೆ ಮೀನು ದಂಡೆಗೇ ಬಂದು ಬಿದ್ದ ವರ್ಷ ಹುಟ್ಟಿದವಳು ಎಂಬುದೊಂದೇ ಅಣ್ಣನ ಮನೆಯ ಲೆಕ್ಕ.

"ಹಾಂಗಾರೆ ಬೈಗಿ ಮೀನಿನ್ ಹತ್ರ ಒಂದ್ ಸರ್ಟಿಫಿಕೇಟ್ ತಕಂಡ್ ಬನ್ನಿ ಪೇಂಟರ್ರೆ" ಎಂದರು ಸಮಿತಿಯ ಒಬ್ಬರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು. ಆದರೆ ಆಮೇಲೆ ಅಳತೆ ತೆಗೆಯುವಾಗ ಎರಡು ಸಲ ತಪ್ಪಿದರು. ಅವರು ಅಳತೆ ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೋರ್ಡು ಬರೆಯುವ ಮೊದಲು ಅವರು ನೂಲಿಗೆ ಸುಣ್ಣದ ಪುಡಿ ಹಚ್ಚಿ, ಎಳೆದು ಹಿಡಿದು ಬಿಡುತ್ತಿದ್ದರು. ಬಿಳಿ ಗೆರೆ ನೆಟ್ಟಗೆ ಬೀಳುತ್ತಿತ್ತು. ಆ ಬೋರ್ಡಿಗೆ ಅವರು ಐದು ಸಾಲಿನ ಗೆರೆ ಹೊಡೆದರು. ಕೆಳಗಿನ ನಾಲ್ಕು ಸಾಲಿನಲ್ಲಿ ನಾಲ್ಕು ಹೆಸರು ಬರೆದು, ಎಲ್ಲಕ್ಕಿಂತ ಮೇಲಿನ ಸಾಲನ್ನು ಖಾಲಿ ಬಿಟ್ಟರು. ಅಲ್ಲಿ ಗಣಪತಿ ಚಿತ್ರ ಬರುತ್ತದೋ ಎಂದು ಅಧ್ಯಕ್ಷರು ಕೇಳಿದಾಗ ಅವರು ನೂಲು ಸುತ್ತತೊಡಗಿದರು.

ಸಂಜೆ ಬೇಲಿಯ ಹತ್ತಿರ ನಾನು ಕೇಳಿದೆ. ಆಗ ಹೇಳಿದರು. ಅಜ್ಜಿ ಸಾಯುವವರೆಗೂ ಶಾಲೆಗೆ ಜಾಗ ಕೊಟ್ಟ ಹಿರಿಯರನ್ನು ತಮ್ಮ ಎಂದೇ ಕರೆಯುತ್ತಿದ್ದಳಂತೆ. ಊರಿನವರೆಲ್ಲ ತನ್ನ ಕೈಯಲ್ಲಿ ಹುಟ್ಟಿದವರೆಂದು ಹಾಗೆ ಕರೆಯುವುದೆಂದು ಮನೆಯವರು ತಿಳಿದಿದ್ದರು. "ಆದ್ರೆ ಅವ್ರ್ ಅಜ್ಜಿ ಕೈಯಂಗೆ ಹುಟ್ಟಿದ್ದಲ್ಲ ಟೀಚರೆ. ಮತ್ತೆ ತಮ್ಮ ಹ್ಯಾಂಗೆ?" ಖಾಲಿ ಸಾಲಿನ ಬಗ್ಗೆ ಇಷ್ಟೇ ಅಂದರು: "ಬರ್ದ್ ಮುಗ್ದ್ ಮೇಲೆ ಸಾಲ್ ಸೇರ್ಸುಕಾತಿಲ್ಲ. ಖಾಲಿ ಬಿಟ್ರೆ ಬರಿಯೂಕಾತ್ತ್."

ಬೋರ್ಡಿನ ಜೊತೆ ಹಾಕಲು ಆ ಹಿರಿಯರ ಫೋಟೋ ಬೇಕಿತ್ತು. ಅದು ತಲ್ಲೂರಿಗೆ ಮದುವೆಯಾಗಿ ಹೋದ ಅವರ ಮಗಳ ಮನೆಯಲ್ಲಿ ಮಾತ್ರ ಇತ್ತು. ನಾನೇ ಹೋದೆ. ಎಂಬತ್ತರ ಹತ್ತಿರದ ಅಮ್ಮ. ಫೋಟೋ ಒರೆಸುತ್ತ, ಬೋರ್ಡಿನಲ್ಲಿ ಯಾರು ಯಾರು ಎಂದು ವಿಚಾರಿಸಿದರು. ಸೂಲಗಿತ್ತಿಯ ಮಾತನ್ನೂ ಹೇಳಿದೆ. ಅವರ ಕೈ ನಿಂತಿತು. ಹೊಸ್ತಿನ ಹಬ್ಬದ ದಿನ ಆ ಸೂಲಗಿತ್ತಿಯ ಮನೆಗೆ ಹೊಸಕ್ಕಿ ಈಗಲೂ ಹೋಗುತ್ತದೆಯೇ ಎಂದು ಕೇಳಿದರು.

ಹೋಗುತ್ತಿತ್ತು. ಹೊಸ್ತು ಬಂದಾಗ ಆ ಹಿರಿಯರ ದೊಡ್ಡ ಮನೆಯಿಂದ ಒಂದು ಹಿಡಿ ಕದಿರು, ಒಂದು ಸೇರು ಹೊಸಕ್ಕಿ ಮೊದಲು ಅಣ್ಣನ ಮನೆಗೇ ಬರುತ್ತಿತ್ತು. ಅದಾದ ಮೇಲೇ ದೊಡ್ಡ ಮನೆಯವರು ಊಟಕ್ಕೆ ಕೂರುವುದು. ಸೂಲಗಿತ್ತಿಗೆ ಸಲ್ಲಬೇಕಾದದ್ದು ಎಂದು ಎರಡೂ ಮನೆಯವರು ತಿಳಿದಿದ್ದರು. ನಾನೂ ಹಾಗೆಂದೇ ಹೇಳಿದೆ.

"ಹೆರಿಗಿ ಬಾಬ್ತಲ್ಲ ಹೆಣೆ, ಹಾಲಿನ ಬಾಬ್ತ್" ಅಂದರು ಅಮ್ಮ.

ಅವರ ತಂದೆ, ಯುಗಾದಿ ಕಳೆದು ನಾಲ್ಕೈದು ತಿಂಗಳ ಮೇಲೆ ಬರುವ ಸೋಣೆ ತಿಂಗಳಲ್ಲಿ ಹುಟ್ಟಿದ ಮರುದಿನವೇ ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿತಂತೆ. ಕಡಲ ದಂಡೆಯ ಮನೆಯಲ್ಲಿ ಅವರಿಗಿಂತ ಹನ್ನೆರಡು ದಿನ ಮೊದಲು ಹುಟ್ಟಿದ ಹೆಣ್ಣು ಮಗುವಿನ ಬಾಣಂತಿಯಿದ್ದಳು. ಅವಳನ್ನು ಕರೆತಂದರು. ಎರಡು ಮಕ್ಕಳೂ ಒಂದೇ ಮಡಿಲಲ್ಲಿ ಹಾಲು ಕುಡಿದು ಬದುಕಿದವು. ಆ ವರ್ಷದ ಹೊಸಕ್ಕಿ ಮೊದಲು ಹೋದದ್ದು ಆ ಬಾಣಂತಿಯ ಮನೆಗೆ. ಆ ಹೆಣ್ಣು ಮಗುವೇ ಮುಂದೆ ಸೂಲಗಿತ್ತಿಯಾದದ್ದು. ಜನ ಏನನ್ನುತ್ತಾರೋ ಎಂದು ಹಾಲಿನ ಮಾತನ್ನು ದೊಡ್ಡ ಮನೆಯವರು ಹೊರಗೆ ಬಿಡಲಿಲ್ಲ. ತಂದೆ ಮಗಳೊಬ್ಬಳಿಗೆ ಹೇಳಿ, ಯಾರಿಗೂ ಹೇಳಬೇಡ ಎಂದಿದ್ದರು.

ಇದನ್ನು ಸಮಿತಿಯ ಮುಂದೆ ಹೇಳುತ್ತೀರಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅಮ್ಮ ತಂದೆಯ ಫೋಟೋವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, ನಾಳೆ ಒಂದು ರಿಕ್ಷಾ ಕಳಿಸು ಎಂದರು.

ಮರುದಿನ ಶಾಲೆಯ ಜಗಲಿಯಲ್ಲಿ ಕೂತು ಎಲ್ಲವನ್ನೂ ಎಲ್ಲರೆದುರು ಹೇಳಿದರು. ಅಧ್ಯಕ್ಷರಿಗೆ ಒಂದು ಸಂಶಯ ಉಳಿದಿತ್ತು. ಹನ್ನೆರಡು ದಿನ ಮೊದಲೆಂದರೆ ಹಿಂದಿನ ಸಂವತ್ಸರಕ್ಕೆ ಹೋಗುವುದಿಲ್ಲವೇ ಅತ್ತೆ, ಎಂದರು.

"ಸೋಣಿ ತಿಂಗ್ಳೆಲ್ಲಿ, ಯುಗಾದಿ ಎಲ್ಲಿ ಮಾರಾಯ? ಆ ಹಾಲ್ ಇಲ್ದಿದ್ರೆ ನಿನ್ನಜ್ಜ ಇಲ್ಲ, ನಿನ್ನಪ್ಪ ಇಲ್ಲ. ನೀನ್ ಹೋಟ್ಲ್ ಎಲ್ಲಿಂದ ಮಾಡ್ತಿದ್ದೆ?"

ಈ ಸಲ ಅಣ್ಣ ನಗಲಿಲ್ಲ, ಕಣ್ಣೊರೆಸಿಕೊಂಡರು. ಅಧ್ಯಕ್ಷರು ಎದ್ದರು. ಒಳಗಿಂದ ಏಣಿ ತಂದು, ಬೋರ್ಡಿಗೆ ಒರಗಿಸಿ, ತಾವೇ ಅದರ ಕಾಲು ಗಟ್ಟಿಯಾಗಿ ಹಿಡಿದು ನಿಂತರು.

ಅಣ್ಣ ಹತ್ತಿದರು. ಅಜ್ಜಿಯ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವಳು ಹೆರಿಗೆ ಅಜ್ಜಿ. ಮುತ್ತು ಎಂದು ಬರೆದರು. ಕೆಳಗಿನ ಹೆಸರುಗಳಿಗೆ ಬಿರುದು, ಪದವಿ, ಮನೆತನ ಸೇರಿ ಸಾಲು ಕಿಕ್ಕಿರಿದಿತ್ತು. ಇವಳದು ಎರಡೇ ಅಕ್ಷರ. ಆ ಎರಡಕ್ಷರವನ್ನು ಅವರು ಎಷ್ಟು ದೊಡ್ಡದಾಗಿ, ಎಷ್ಟು ಹದವಾಗಿ ಹರಡಿ ಬರೆದರೆಂದರೆ ಇಡೀ ಸಾಲು ತುಂಬಿತು. ಹನ್ನೆರಡು ದಿನಕ್ಕೆ ಹಿರಿಯಳು, ಮೇಲೆಯೇ ಇದ್ದಳು.

ಮೇ ತಿಂಗಳ ಸಮಾರಂಭಕ್ಕೆ ದಂಡೆಯ ಹೆಂಗಸರು ಸಾಲುಗಟ್ಟಿ ಬಂದರು. ಓದಲು ಬಾರದವರು ಬೋರ್ಡಿನ ಮೇಲಿನ ಸಾಲು ಯಾವುದೆಂದು ಕೇಳಿ ನೋಡಿದರು. ಮುದುಕರೊಬ್ಬರು, "ನನ್ ಹೊಕ್ಳ್ ಕೊಯ್ದವ್ಳ್ ಅವ್ಳೇ" ಎಂದು ಸಿಕ್ಕವರಿಗೆಲ್ಲ ಬೋರ್ಡು ತೋರಿಸುತ್ತ ನಿಂತರು. ಅವರನ್ನು ನೋಡಿ ಇನ್ನಷ್ಟು ಮುದುಕರು ಸೇರಿದರು. ಅಣ್ಣ ಅಂದು ಬಿಳಿ ಅಂಗಿ ಹಾಕಿಕೊಂಡು, ಭಾಷಣ ಮುಗಿಯುವವರೆಗೂ ಕೂರದೆ ನಿಂತೇ ಇದ್ದರು.

ಅವರು ಬರೆದ ಪ್ರತಿ ಬೋರ್ಡಿನ, ಪ್ರತಿ ದೋಣಿಯ ಬಲಮೂಲೆಯಲ್ಲಿ ಭತ್ತದ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಅವರ ಹೆಸರಿರುತ್ತಿತ್ತು. ಇದಕ್ಕೆ ಮಾತ್ರ, ಬಣ್ಣ ಚೆನ್ನಾಗಿ ಒಣಗಲಿ, ಅಜ್ಜಿಯ ಬೋರ್ಡು, ನಿಧಾನವಾಗಿ ಬರೆಯಬೇಕು ಎಂದು ಮುಂದೆ ಹಾಕಿದ್ದರು. ಮಳೆ ಬಿಡುವ ಮೊದಲೇ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಆಮೇಲೆ ಮೂರು ವರ್ಷ ಇದ್ದರು. ಎಡಗೈಯಲ್ಲಿ ಕೋಲೂರಿ ಶಾಲೆಯವರೆಗೆ ಬಂದು, ಮೊದಲ ಸಾಲನ್ನು ನೋಡಿ ಹೋಗುತ್ತಿದ್ದರು. ಬೇರೆಯವರಿಂದ ಹೆಸರು ಬರೆಸೋಣವೇ ಎಂದರೆ ತಲೆಯಾಡಿಸಿ ಬೇಡವೆಂದರು...

ಕಳೆದ ವಾರ ಆ ಗೇಟಿನ ಪೇಂಟರ್ ನನ್ನ ಪಕ್ಕ ಬಂದು ನಿಂತು, ಎಂಥ ಕೈ ಎಂದು ಮೆಚ್ಚಿದ. ಯಾರದೆಂದು ತಿಳಿಯಲು ಕಸುಬಿನವರ ಹಾಗೆ ನೇರ ಬಲಮೂಲೆಗೆ ಬಗ್ಗಿ ನೋಡಿದ. ನಾನು ಹೆಸರು ಹೇಳಿದೆ. ಬರೆದು ಕೊಡಲೇ ಎಂದು ಕೇಳಿದ. ಬೇಡವೆಂದೆ.

ಇಪ್ಪತ್ತು ವರ್ಷವಾದರೂ ಮೊದಲ ಸಾಲು ಮಾಸಿಲ್ಲ. ಬಲಮೂಲೆಯಲ್ಲಿ ಅಣ್ಣನ ಹೆಸರಿಲ್ಲ.