ತೊಡೆಯ ಗಾಯ ಹೇಗಾಯಿತೆಂದರೆ

ಮೊದಲು ಅವಳು ಮುಳ್ಳು ಚುಚ್ಚಿತು ಅಂದಳು.

ಜೇವರ್ಗಿ ಹತ್ತಿರದ ನಮ್ಮ ಹೊಲದಲ್ಲಿ ತೊಗರಿ ಕೊಯ್ದು ಕಟ್ಟು ಕಟ್ಟಿ ಹಾಕಿದ್ದೆವು. ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಸ್ತರ. ಹೊಲದ ಕೆಲಸ ನನಗಿಂತ ನನ್ನ ಹೆಂಡತಿ ಜೈತುನ್‌ಗೆ ಚೆನ್ನಾಗಿ ಗೊತ್ತು. ಕಟ್ಟು ಎತ್ತಲು ಬಗ್ಗಿದವಳು ಎಡಗಾಲು ಜಾಡಿಸಿದಳು. "ಮುಳ್ಳ ಇರಬೇಕು" ಎಂದು ಇನ್ನೂ ಎರಡು ಕಟ್ಟು ಎತ್ತಿದಳು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಪಾದ ಊದಿ, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ಬಗ್ಗಿ ನೋಡಿದೆ. ಪಕ್ಕದ ಕಟ್ಟಿನ ಕೆಳಗೆ ಹಾವು ಸುರುಳಿ ಸುತ್ತಿಕೊಂಡು ಇನ್ನೂ ಅಲ್ಲೇ ಮಲಗಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಆ್ಯಂಟಿ-ವೆನಮ್ ಕೊಟ್ಟರು. ಜೀವ ಉಳಿಯಿತು. ನಾನು ಆಸ್ಪತ್ರೆ ಎದುರಿನ ಮಸೀದಿಗೆ ಹೋಗಿ, ಜೀವ ಉಳಿಸಿದ್ದಕ್ಕೆ ಶುಕ್ರಾನಾ ನಮಾಜ್ ಮಾಡಿ ಬಂದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ, ಎಂಥ ದಡ್ಡ ನಾನು. ವಿಷ ಪಾದದಲ್ಲಿ ತನ್ನ ಕೆಲಸ ಆಗಲೇ ಮುಗಿಸಿತ್ತು. ಚರ್ಮ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಸತ್ತ ಚರ್ಮವನ್ನೆಲ್ಲ ಡಾಕ್ಟರು ಕತ್ತರಿಸಿ ತೆಗೆದರು. ಡ್ರೆಸ್ಸಿಂಗ್ ಬಿಚ್ಚಿದ ದಿನ ನೋಡಿದೆ. ಬೆರಳುಗಳ ಬುಡದಿಂದ ಕಣಕಾಲಿನವರೆಗೆ ಚರ್ಮವೇ ಇರಲಿಲ್ಲ.

ಬಲತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಎಡಪಾದಕ್ಕೆ ಹಚ್ಚಿದರು. ಅದಕ್ಕೆ ಸ್ಕಿನ್ ಗ್ರಾಫ್ಟ್ ಅನ್ನುತ್ತಾರೆ. ಚರ್ಮ ತೆಗೆದ ಜಾಗಕ್ಕೆ ಡೋನರ್ ಸೈಟ್. ಪಾದಕ್ಕಿಂತ ತೊಡೆಯೇ ಹೆಚ್ಚು ಉರಿಯುತ್ತದೆ ಎಂದು ಜೈತುನ್ ಅತ್ತಳು. ನಾನು ನಂಬಲಿಲ್ಲ. ಹಾವು ಕಚ್ಚಿದ್ದು ಪಾದಕ್ಕೆ, ನನ್ನ ಕಣ್ಣೆಲ್ಲ ಪಾದದ ಮೇಲೆಯೇ.

ಪ್ಲಾಸ್ಟಿಕ್ ಸರ್ಜನ್ ಆಳಂದ ಕಡೆಯ ಹೆಣ್ಣುಮಗಳು. ಡಿಸ್ಚಾರ್ಜ್ ಮಾಡುವಾಗ ನನ್ನನ್ನೇ ನಿಲ್ಲಿಸಿಕೊಂಡು ಹೇಳಿದರು. "ಸರ್, ಇವರಿಗೆ ಶುಗರ್ ಅದ, ರಕ್ತಾನೂ ಕಡಿಮಿ ಅದ. ಎರಡ ವಾರ ನೆಲದ ಮ್ಯಾಲ ಕೂಡಬಾರದು. ತೊಡಿ ಮಡಚಬಾರದು. ಡ್ರೆಸ್ಸಿಂಗ್ ತಾನಾಗೇ ಬಿಡಬೇಕು."

"ಆಯ್ತ್ರಿ ಮೇಡಂ" ಎಂದೆ.

ಮನೆಗೆ ಬಂದ ಎಂಟನೆಯ ದಿನ ಭಾನುವಾರ. ದೂರದ ಖಜೂರಿ ಊರಿನಿಂದ ನನ್ನ ಅಣ್ಣ ಕ್ರೂಸರ್ ಗಾಡಿ ತುಂಬ ಜನರನ್ನು ಕರೆದುಕೊಂಡು ಅಯಾದತ್‌ಗೆ ಬಂದ. ರೋಗಿಯನ್ನು ನೋಡಿ ವಿಚಾರಿಸುವುದಕ್ಕೆ ನಮ್ಮಲ್ಲಿ ಅಯಾದತ್ ಎಂದು ಹೆಸರು. ರೋಗಿಯ ಹತ್ತಿರ ಸ್ವಲ್ಪ ಹೊತ್ತು ಕೂತು, ದುವಾ ಮಾಡಿ ಎದ್ದುಬಿಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಅಷ್ಟು ದೂರದಿಂದ ಬಂದವರನ್ನು ಉಣ್ಣಿಸದೆ ಕಳಿಸಿದವರನ್ನು ನಾನಂತೂ ಕಂಡಿಲ್ಲ.

ಖಾನಾವಳಿಯಿಂದ ರೊಟ್ಟಿ ತರಲು ನಾನು ಚಪ್ಪಲಿ ಮೆಟ್ಟಿದೆ. ಅಣ್ಣ ನಕ್ಕ. "ಖಾನಾವಳಿ ರೊಟ್ಟಿ ತಿನ್ನಾಕ ಇಷ್ಟ ದೂರ ಬಂದೇವೇನಲೇ?" ಎಲ್ಲರೂ ನಕ್ಕರು. ಅತ್ತಿಗೆ ಎದ್ದು "ಹಿಟ್ಟ ಎಲ್ಲದ ಹೇಳ್ರಿ, ನಾ ಬಡೀತೇನಿ" ಎಂದರು. ನನಗೆ ಮುಖ ಬಿಸಿಯಾಯಿತು. ನನ್ನ ಮನೆಗೆ ಬಂದವರು ಬಂದ ಕಾಲಲ್ಲೇ ಒಲೆ ಮುಂದೆ ಕೂಡುವುದೇ? ಅವರನ್ನು ಕೂಡಿಸಿ ಒಳಗೆ ಹೋದೆ. ಜೈತುನ್ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು.

"ನಾಕ ರೊಟ್ಟಿ ಬಡಿ, ಸಾಕು. ಮುಂದ ಅವ್ರು ಮಾಡ್ಕೋತಾರ" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಗೋಡೆ ಹಿಡಿದು ಒಲೆಯ ತನಕ ಹೋದಳು. ಹಾವು ಕಚ್ಚಿದ ಪಾದಕ್ಕೆ ಏನೂ ತಾಗಬಾರದೆಂದು ಎಡಗಾಲನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತಳು. ರೊಟ್ಟಿ ಬಡಿಯಲು ಬಲಗಾಲು ಮಡಚಿ, ತೊಡೆಯ ಮೇಲೆ ಭಾರ ಹಾಕಿ ಬಗ್ಗಿದಳು. ಆ ಬಲತೊಡೆಯಿಂದಲೇ ಚರ್ಮ ತೆಗೆದದ್ದು ಎಂಬುದು ನನಗೆ ಹೊಳೆಯಲೇ ಇಲ್ಲ. ಅವಳ ಚಾಚಿದ ಕಾಲು ನೋಡಿ ನಾನು ಸಮಾಧಾನದಿಂದ ಹೊರಗೆ ಬಂದು ಕೂತೆ.

ನಾಲ್ಕು ರೊಟ್ಟಿಗೆ ಅವಳು ಏಳಲಿಲ್ಲ. ಎದ್ದರೆ ನನ್ನ ಮಾನ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಗೆ ಕೇಳುತ್ತಿತ್ತು. "ನೋಡು, ಆರಾಮ ಆಗ್ಯಾಳ" ಎಂದ ಅಣ್ಣ. ನಾನು ಹೌದೆಂದು ತಲೆ ಆಡಿಸಿದೆ.

ಅವಳು ಎದ್ದಾಗ ಸೀರೆ ತೊಡೆಗೆ ಅಂಟಿತ್ತು. ಕೆಂಪಗೆ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಡ್ರೆಸ್ಸಿಂಗ್ ನೆನೆಸಿ ನೆನೆಸಿ ಬಿಡಿಸಿದರು. ಹೊಸದಾಗಿ ಬಂದಿದ್ದ ಚರ್ಮವೆಲ್ಲ ಅದರೊಂದಿಗೇ ಕಿತ್ತು ಬಂತು. "ಇದು ಹೆಂಗಾತು?"

ನಾನು ಬಾಯಿ ತೆರೆಯುವ ಮೊದಲೇ ಜೈತುನ್ ಹೇಳಿದಳು. "ಬಚ್ಚಲದಾಗ ಜಾರಿದೆ ರೀ."

ಡಾಕ್ಟರು ಹಾಗೆಯೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಚ್ಚಲಿಗೆ ಹಿಡಿಕೆ ಹಾಕಿಸಿ ಸರ್ ಅಂದರು. ಹಾಕಿಸುತ್ತೇನೆ ಅಂದೆ. ಹಾಕಿಸಿಯೂ ಹಾಕಿಸಿದೆ.

ತೊಡೆಗೆ ಇನ್ಫೆಕ್ಷನ್ ಆಗಿ ಅವಳನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ಪಾದದ ಗ್ರಾಫ್ಟ್ ಕೂಡ ಅರ್ಧ ಹಿಡಿಯಲಿಲ್ಲ, ಕರಗಿ ಹೋಯಿತು. ಪಾದ ಮುಚ್ಚಲು ಮತ್ತೆ ಚರ್ಮ ಬೇಕು. ಇನ್ನೊಂದು ತೊಡೆಯಿಂದ ತೆಗೆಯಿರಿ ಎಂದೆ. "ಈ ಗಾಯಾನೇ ಮಾಯವಲ್ದು. ಇಂಥಾದ್ದೇ ಇನ್ನೊಂದು ಮಾಡಾಕ ನನಗ ಧೈರ್ಯ ಇಲ್ರಿ" ಎಂದರು ಡಾಕ್ಟರು. ಪಾದ ತೆರೆದೇ ಉಳಿದರೆ ಎಲುಬಿಗೆ ಕೀವು ಇಳಿಯುತ್ತದೆ. ಆಮೇಲೆ ಪಾದವನ್ನೇ ತೆಗೆಯಬೇಕಾಗುತ್ತದೆ.

ತೊಡೆ ಮಾಯಬೇಕು. ಇಲ್ಲದಿದ್ದರೆ ಪಾದ ಇಲ್ಲ.

ಆ ದಿನಗಳ ಬಗ್ಗೆ ಏನು ಬರೆಯಲಿ? ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅಫಜಲಪುರಕ್ಕೆ ಕೊಟ್ಟ ಮಗಳು ಬಂದು ತಲೆ ಬಾಚುತ್ತಿದ್ದಳು, ಅವಳೊಂದಿಗೆ ಅಷ್ಟಿಷ್ಟು ಮಾತು. ನನ್ನೊಂದಿಗೆ ನೀರು, ಗುಳಿಗೆ, ಬೆಡ್‌ಪ್ಯಾನ್, ಅಷ್ಟೇ. ಗಾಯದ ವಾಸನೆ ನನ್ನ ಅಂಗಿಗೆ ಹತ್ತಿಕೊಂಡಿತ್ತು. ಅವಳು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ಜಗಳ ಮಾಡಿ ಹಗುರಾಗುತ್ತಿದ್ದೆನೇನೋ. ಒಂದು ಮಧ್ಯಾಹ್ನ ಮಾತ್ರ ಡಾಕ್ಟರಿಗೆ ಕೈ ಮುಗಿದಳು. "ಕಡದ ಹಾಕ್ರಿ ಕಾಲ. ನನಗ ಸಾಕಾಗ್ಯದ." ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಓಡಿಯೂ ಹೋದೆ, ಆಸ್ಪತ್ರೆಯ ಗೇಟಿನ ತನಕ.

ಆಗ ಡಾಕ್ಟರು ಪಿಆರ್‌ಪಿ ಮಾತು ಎತ್ತಿದರು. ರೋಗಿಯದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸುತ್ತಾರೆ. ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ ಬೇರೆಯಾಗುತ್ತದೆ. ಅದನ್ನು ಗಾಯದ ಮೇಲೆ ಹಾಕುತ್ತಾರೆ. "ಇದೇನ್ ಜಾದೂ ಅಲ್ರಿ ಸರ್. ಕೆಲವರಿಗೆ ಹತ್ತತದ, ಕೆಲವರಿಗೆ ಹತ್ತಂಗಿಲ್ಲ."

ಜೈತುನ್ ಕೈ ಚಾಚಿದಳು. "ಮೈಯಾಗ ರಕ್ತ ಎಲ್ಲಿ ಅದ ಬೇ? ಇದ್ದದ್ದೂ ತಗೋತೀ?" ಮಗಳ ವಯಸ್ಸಿನ ಡಾಕ್ಟರು ನಕ್ಕು, "ತಗೊಂಡು ನಿಮಗೇ ಕೊಡ್ತೇನಿ, ಅಮ್ಮಾ" ಎಂದರು. ಎಷ್ಟೋ ದಿನಗಳ ಮೇಲೆ ಅವಳ ತುಟಿ ಸ್ವಲ್ಪ ಅಲುಗಿದ್ದನ್ನು ಕಂಡೆ.

ಟ್ಯೂಬಿನಲ್ಲಿ ಕೆಂಪು ಕೆಳಗೆ ಇಳಿದು ಮೇಲೆ ಹಳದಿ ನಿಂತಿತ್ತು, ತೊಗರಿ ಬೇಳೆ ಬೇಯಿಸಿದಾಗ ಮೇಲೆ ನಿಲ್ಲುವ ಕಟ್ಟಿನಂತೆ. ಅದನ್ನು ತೊಡೆಯ ಗಾಯದ ಮೇಲೆ ಹನಿಹನಿಯಾಗಿ ಬಿಟ್ಟರು, ಅಂಚಿಗೆ ಸೂಜಿಯಿಂದ ಚುಚ್ಚಿದರು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಇಲ್ಲ. ನಾನು ಆಸೆ ಬಿಟ್ಟೆ. ಪಾದ ತೆಗೆದರೆ ಹಾಕಿಸುವ ಕೃತಕ ಕಾಲಿನ ಬಗ್ಗೆ ಸದ್ದಿಲ್ಲದೆ ವಿಚಾರಿಸಿಕೊಂಡು ಬಂದೆ. ಮೂರನೆಯ ಸಲ ಹಾಕಿದ ಮೇಲೆ ಡ್ರೆಸ್ಸಿಂಗ್ ಒಣಗಿ ಬಂತು. ಅಂಚಿನಲ್ಲಿ ಬೆರಳಗಲ ತೆಳು ಗುಲಾಬಿ ಬಣ್ಣ. ನನ್ನ ಕಣ್ಣಿಗೆ ಕಂಡದ್ದನ್ನು ನಂಬದೆ ಡಾಕ್ಟರನ್ನು ಎರಡು ಸಲ ಕೇಳಿದೆ.

ಬಲತೊಡೆಯ ಗಾಯ ಪೂರ್ತಿ ಮುಚ್ಚಿದ ಮೇಲೆ ಪಾದಕ್ಕಾಗಿ ಎಡತೊಡೆಯಿಂದ ಚರ್ಮ ತೆಗೆದರು. ಈ ಸಲ ಆ ಜಾಗಕ್ಕೆ ಆಪರೇಷನ್ ಟೇಬಲ್ ಮೇಲೆಯೇ ಪಿಆರ್‌ಪಿ ಹಾಕಿ ಕಟ್ಟು ಕಟ್ಟಿದರು. ಮತ್ತೆ ಅದೇ ಮಾತು ಹೇಳಿ ಮನೆಗೆ ಕಳಿಸಿದರು. ಎರಡು ವಾರ. ನೆಲದ ಮೇಲೆ ಕೂಡಬಾರದು.

ಮತ್ತೆ ಭಾನುವಾರ ಬಂತು. ಮತ್ತೆ ಕ್ರೂಸರ್ ಬಂತು.

ನಾನು ಬಾಗಿಲಲ್ಲೇ ನಿಂತೆ. "ಅಣ್ಣಾ, ಊಟ ಇಲ್ಲ. ಐದ್ ನಿಮಿಷ ನೋಡಿ, ಚಹಾ ಕುಡದು ಹೋಗ್ರಿ."

"ಅಯಾದತ್‌ಗೆ ಬಂದವ್ರಿಗೆ ಹಿಂಗಂತಾರೇನಲೇ?"

"ಹೋದ ಸಲ ನಿಮಗ ರೊಟ್ಟಿ ಬಡಿಯಾಕ ಇಕೀನ ನಾನೇ ಕೂಡಿಸಿದ್ದೆ. ತೊಡಿ ಹರೀತು. ಕಾಲ ಹೋಗೋದಿತ್ತು."

ಅತ್ತಿಗೆ ಸೆರಗು ಬಾಯಿಗೆ ಹಿಡಿದರು. ಅಣ್ಣ ಚಪ್ಪಲಿ ಬಿಡದೆ ತಿರುಗಿದ, ಉಳಿದವರು ಅವನ ಹಿಂದೆ. ಅಂದಿನಿಂದ ಅವನ ಫೋನ್ ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ನನಗೆ ಇರುವುದು ಅವನೊಬ್ಬನೇ ಅಣ್ಣ.

ಒಳಗೆ ಬಂದೆ. ಜೈತುನ್ ಎಲ್ಲ ಕೇಳಿಸಿಕೊಂಡಿದ್ದಳು.

"ಈಗ ಹೇಳಿದ್ರಿ" ಎಂದಳು. "ಅವತ್ತೇ ಹೇಳಬೇಕಿತ್ತು."

ಹೌದು ಎಂದೆ.

ಎಡತೊಡೆಯ ಡ್ರೆಸ್ಸಿಂಗ್ ಎರಡು ವಾರ ತುಂಬುವ ಮೊದಲೇ ತಾನಾಗಿ ಬಿಟ್ಟು ಬಂತು. ಪಾದದ ಚರ್ಮ ಬಹುಮಟ್ಟಿಗೆ ಹಿಡಿದಿದೆ, ಅಲ್ಲಾಹನ ದಯೆ. ಎರಡು ಬೆರಳಿಗೆ ಸ್ಪರ್ಶ ಇಲ್ಲ. ಕುಂಟುತ್ತಾಳೆ. ನೆಲದ ಮೇಲೆ ಕೂತರೆ ಯಾರಾದರೂ ಹಿಡಿದು ಎಬ್ಬಿಸಬೇಕು. ಹೊಲಕ್ಕೆ ಹೋಗುವ ಮಾತು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಮೊನ್ನೆ ತೋರಿಸಲು ಹೋದಾಗ ಡಾಕ್ಟರಿಗೆ ಖುಷಿಯಾಯಿತು. "ಈ ಸಲ ಭಾಳ ಚಲೋ ನೋಡ್ಕೊಂಡೀರಿ ಸರ್. ಬಚ್ಚಲಕ್ಕ ಹಿಡಿಕಿ ಹಾಕಿಸಿದ್ದು ಚಲೋ ಆತು ನೋಡ್ರಿ."

ಕೇಸ್ ಶೀಟ್ ಮೇಜಿನ ಮೇಲೆ ತೆರೆದಿತ್ತು. ಜೈತುನ್ ನನ್ನ ಮುಖ ನೋಡಿದಳು.

"ಮೇಡಂ, ಇಕಿ ಬಚ್ಚಲದಾಗ ಬಿದ್ದಿರಲಿಲ್ರಿ" ಎಂದು ನಾನು ಶುರು ಮಾಡಿದೆ.

ಜೈತುನ್ ತಡೆಯಲಿಲ್ಲ.