ಕೂಟದ ಚರಿತ್ರೆ, ರಿವಿಷನ್ ಒಂದು

ದೋಹಾದ ಕಟ್ಟಡ ಕಂಪನಿಯೊಂದರಲ್ಲಿ ನಾನು ನಕ್ಷೆಗಳನ್ನು ಕಾಯುತ್ತಿದ್ದೆ. ಡಾಕ್ಯುಮೆಂಟ್ ಕಂಟ್ರೋಲರ್ ಎಂಬ ಭಾರೀ ಹೆಸರು. ಮೊದಲ ನಕ್ಷೆ ರಿವಿಷನ್ ಸೊನ್ನೆ, ತಿದ್ದಿದ್ದು ರಿವಿಷನ್ ಒಂದು. ಹಳೆಯದಕ್ಕೆ ‘ರದ್ದು’ ಎಂದು ಸೀಲು ಬೀಳುತ್ತದೆ, ಆದರೆ ಅದನ್ನು ಹರಿದು ಎಸೆಯುವಂತಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು, ಊರಿಗೆ ಮರಳಿದ ಬ್ರಿಟಿಷ್ ಇಂಜಿನಿಯರೊಬ್ಬರು ಬಿಟ್ಟುಹೋದ ಪುಸ್ತಕ ನನ್ನ ಕೈಗೆ ಬಂತು. ಸಾವಿರದಿನ್ನೂರು ವರ್ಷಗಳ ಹಿಂದೆ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಫ್ರಾಂಕ್ ದೊರೆಗಳು, ಅವರ ಕಾಲದ ಕ್ರೈಸ್ತ ಸನ್ಯಾಸಿಗಳು, ಇವರ ಬಗ್ಗೆ. ಈಸ್ಟರ್ ಹಬ್ಬದ ದಿನಗಳ ಪಟ್ಟಿ ಇರುತ್ತಿತ್ತಲ್ಲ, ಅದರ ಅಂಚಿನಲ್ಲಿ ಅವರು ವರ್ಷಕ್ಕೊಂದು ಸಾಲು ಚರಿತ್ರೆ ಬರೆಯುತ್ತಿದ್ದರಂತೆ. ನನಗೆ ನಗು ಬಂತು. ನನ್ನ ಅಮ್ಮ ಚರ್ಚಿನ ಕ್ಯಾಲೆಂಡರಿನಲ್ಲಿ ದನ ಕರು ಹಾಕಿದ್ದನ್ನು ಬರೆದಿಡುತ್ತಿದ್ದುದೂ ಹಾಗೆಯೇ. ದೊರೆ ಯುದ್ಧಕ್ಕೆ ಹೋಗದೆ ಮನೆಯಲ್ಲೇ ಉಳಿದರೆ ಆ ಸನ್ಯಾಸಿಗಳಿಗೆ ಅದೂ ಸುದ್ದಿ.

ಆದರೆ ಮಠಕ್ಕೆ ಜಮೀನು ಕೊಟ್ಟವನು ದೊರೆ. ಮಠಾಧಿಪತಿಗಳು ಅವನ ಸಭೆಯಲ್ಲಿ ಸಲಹೆ ಕೊಡುವವರು. ಒಬ್ಬ ದೊರೆಯ ಮೇಲೆ ಸ್ವಂತ ಮಗನೇ ದಂಗೆ ಎದ್ದಾಗ, ಅರಮನೆಗೆ ಹತ್ತಿರವಿದ್ದವರ ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ದೊರೆ ಸತ್ತ ಮೇಲೆ ಯಾರೋ ಕುಳಿತು ತಿದ್ದಿ ಅದನ್ನು ಸೇರಿಸಿದರು. ಎಂಥ ಪುಕ್ಕಲರಪ್ಪಾ ಎಂದುಕೊಂಡೆ.

ಅದೇ ತಿಂಗಳು ನಮ್ಮ ಸಣ್ಣ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಕೆಲಸ ನನಗೆ ಅಂಟಿಕೊಂಡಿತು. ಕೂಟ ಹುಟ್ಟಿದ್ದು ಅಲ್ ಮನ್ಸೂರಾ ಬಡಾವಣೆಯ ಒಂದು ಫ್ಲ್ಯಾಟಿನ ಹಾಲಿನಲ್ಲಿ. ಅದು ಮಂಗಳೂರು ಕಡೆಯ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರ ಮನೆ. ಮುಂದೆ ಅವರು ಈಗಿನ ಅಧ್ಯಕ್ಷರೊಡನೆ ಜಗಳವಾಡಿ ಹೊರನಡೆದಿದ್ದರು. ನಾನು ಅವರ ಬಗ್ಗೆ ಒಂದು ಪುಟ ಬರೆದೆ. ಅದರ ಬದಲು ‘ಕೆಲವು ಸ್ನೇಹಿತರು ಸೇರಿ’ ಎಂದರೆ ಸಾಕು ಅಂದರು ಅಧ್ಯಕ್ಷರು. ಕಂಪನಿಯಲ್ಲಿ ನನಗೆ ಕೆಲಸ ಕೊಡಿಸಿದವರೂ ಅವರೇ. ಸುಮ್ಮನೆ ತಿದ್ದಿಕೊಟ್ಟೆ.

ಬರೆದದ್ದು ಆಫೀಸಿನ ನಮೂನೆಯ ಹಾಳೆಯಲ್ಲಿ. ಪುಟದ ಕೆಳಗೆ ಅಭ್ಯಾಸಬಲದಿಂದ ‘ರಿವಿಷನ್ 1’ ಎಂದು ಹಾಕಿದ್ದೆ. ಪ್ರೆಸ್ಸಿನವರು ಅದನ್ನೂ ಹಾಗೆಯೇ ಅಚ್ಚು ಹಾಕಿಬಿಟ್ಟರು.

ಸಂಚಿಕೆ ಬಿಡುಗಡೆಯ ಸಮಾರಂಭಕ್ಕೆ ಆ ಹಿರಿಯರೂ ಹೆಂಡತಿಯೊಡನೆ ಬಂದಿದ್ದರು. ಮುಂದಿನ ವಾರ ಇಬ್ಬರೂ ಕತಾರ್ ಬಿಟ್ಟು ಹೋಗುವವರಿದ್ದರು. ಅವರು ಕನ್ನಡಕ ಏರಿಸಿ ಚರಿತ್ರೆಯನ್ನು ಪೂರ್ತಿ ಓದಿ, ಪುಟದ ಕೆಳಗೆ ಬೆರಳಿಟ್ಟರು. ಜೀವನವಿಡೀ ನಕ್ಷೆ ಬರೆದವರ ಕಣ್ಣು ಅಲ್ಲಿಗೆ ಹೋಗದೆ ಇರುವುದಿಲ್ಲ.

“ಸೊನ್ನೆಯಲ್ಲಿ ಎಂತ ಇತ್ತು ಮಾರಾಯಾ?”

“ನೀವಿದ್ರಿ ಅಂಕಲ್,” ಅಂದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಅವರು ಬೈಯಲಿಲ್ಲ. ಆ ಸೊನ್ನೆಯ ಒಂದು ಕಾಪಿ ಬೇಕು ಅಂದರು. ಮರುದಿನ ಅಲ್ ಮನ್ಸೂರಾದ ಅವರ ಮನೆಗೆ ಒಯ್ದುಕೊಟ್ಟೆ. ಅರ್ಧ ಖಾಲಿಯಾಗಿದ್ದ ಅದೇ ಹಾಲಿನಲ್ಲಿ ಅವರು ನಿಧಾನವಾಗಿ ಓದಿದರು. ದೊರೆ ಸಾಯುವ ತನಕ ಕಾಯದೆ ನಿಜ ತಲುಪಿಸಿದೆ ಎಂಬ ಹೆಮ್ಮೆ ಆಗಲೇ ನನ್ನೊಳಗೆ ಮೂಡತೊಡಗಿತ್ತು.

ಓದಿ ಮುಗಿಸಿ, ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದ ಹೆಂಡತಿಯ ಕಡೆ ತಿರುಗಿದರು. ಮೊದಲ ಸಭೆಯ ದಿನ ಬೆಳಗ್ಗಿನಿಂದ ಅಷ್ಟೂ ಜನರಿಗೆ ಅಡಿಗೆ ಮಾಡಿದವಳು ಅವಳು ಎಂದು ನನಗೆ ನೆನಪಿಸಿದರು. ನಾನೂ ಆ ದಿನ ಉಂಡವನೇ.

“ಇದ್ರಲ್ಲಿಯೂ ಇವಳಿಲ್ವಲ್ಲ,” ಅಂದರು.