ಲಿಜಿಬಾರ್ ತಪ್ಪಿಸಿ ಕಟ್ಟಿದ ಕಡ್ಡಿ

ನಮ್ಮ ಅತ್ತಿಗೆ ಲಿಜಿಬಾರ್ ಕಟ್ಟಿದ ಅಲೆನಕ್ಷೆಗಳು ನಮ್ಮ ದ್ವೀಪಗಳ ರಾಜಧಾನಿ ಮಜುರೊದ ಅಂಗಡಿಗಳಲ್ಲಿ ಪ್ರವಾಸಿಗರಿಗಾಗಿ ತೂಗುತ್ತಿದ್ದವು. ತೆಂಗಿನ ಗರಿಯ ಕಡ್ಡಿಗಳೇ ಅಲೆಗಳು, ಕವಡೆಗಳೇ ದ್ವೀಪಗಳು. “ಗೋಡೆಗೆ ನೇತುಹಾಕೋಕೆ ಸಮುದ್ರ ಬೇಕಂತೆ ಆ ಪುಣ್ಯಾತ್ಮರಿಗೆ!” ಎಂದು ನಾನು ರೇಗಿಸುತ್ತಿದ್ದೆ.

“ನಿನ್ ಹಾಗೆ ದೋಣೀಲಿ ವಾಂತಿ ಮಾಡ್ಕೊಳ್ಳೋರಿಗೆ ಗೋಡೆ ಮೇಲಿನ ಸಮುದ್ರಾನೇ ವಾಸಿ ಕಣೇ” ಎನ್ನುತ್ತಿದ್ದಳು.

ಅವಳಪ್ಪ ಅವಳನ್ನು ಚಿಕ್ಕಂದಿನಲ್ಲಿ ನೀರಿನ ಮೇಲೆ ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಬೆನ್ನಿಗೆ ತಾಗುವ ಅಲೆಗಳ ಕಥೆ ಹೇಳುತ್ತಿದ್ದ. ಇದು ನಿನ್ನ ಮುತ್ತಜ್ಜಿಯನ್ನು ಮದುವೆಗೆ ಕರೆತಂದ ಅಲೆ, ಇದು ಅವಳ ಅಣ್ಣಂದಿರನ್ನು ನುಂಗಿದ ಅಲೆ ಎಂದು. ಆ ವಿದ್ಯೆ ಅವರ ಮನೆಯದು. ದ್ವೀಪವನ್ನಾಳುವ ಒಡೆಯರ ಅಪ್ಪಣೆಯಿಲ್ಲದೆ ಹೆತ್ತ ಮಗನಿಗೂ ಹೇಳುವಂತಿಲ್ಲ. ಗುಟ್ಟು ಹೊರಬೀಳದಂತೆ, ಮಾರುವ ನಕ್ಷೆಯಲ್ಲಿ ಒಂದು ಕಡ್ಡಿಯನ್ನು ಬೇಕೆಂದೇ ತಪ್ಪಾಗಿ ಕಟ್ಟಬೇಕು. ಈ ಕೊನೆಯ ಮಾತು ಮಾತ್ರ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮಗ ಜೆಲ್ಟನ್‌ಗೆ ಸಮುದ್ರದ ಹುಚ್ಚು. “ಅವ್ವಾ, ನಂಗೂ ಹೇಳ್ಕೊಡೇ” ಎಂದು ಗೋಗರೆಯುತ್ತಿದ್ದ. “ಒಡೆಯರು ಹೂಂ ಅನ್ಲಿ, ನೋಡಣ” ಎಂದು ಅವಳು ಜೀಗುಜ್ಜೆ ಸುಡುತ್ತಾ ಕೂರುತ್ತಿದ್ದಳು. ಒಡೆಯರು ಮಜುರೊದಲ್ಲಿ ಹಾಯಾಗಿದ್ದರು. ಹೂಂ ಅನ್ನುವುದಕ್ಕೆ ಅವರಿಗೇನು ಅವಸರ?

ಕೊನೆಗೆ ಜೆಲ್ಟನ್ ಒಬ್ಬನೇ ಲಿಕಿಯೆಪ್ ದ್ವೀಪಕ್ಕೆ ಹಾಯಿದೋಣಿ ಬಿಟ್ಟ. ಅಲ್ಲಿಗೆ ಮುಟ್ಟಲಿಲ್ಲವೆಂದು ರೇಡಿಯೊದಲ್ಲಿ ತಿಳಿಯಿತು. ದೋಣಿಗಳು ನೇರ ದಾರಿಯುದ್ದಕ್ಕೂ ಹುಡುಕಿ ಬರಿಗೈಯಲ್ಲಿ ಮರಳಿದವು. ಮಾರಲು ಇಟ್ಟಿದ್ದ ನಕ್ಷೆಗಳಲ್ಲಿ ಒಂದು ಕಾಣೆಯಾದದ್ದು ಲಿಜಿಬಾರ್ ಕಣ್ಣಿಗೆ ಬಿದ್ದದ್ದು ಆವತ್ತೇ. ಅವಳು ತುಟಿ ಬಿಚ್ಚಲಿಲ್ಲ. ದುಃಖಕ್ಕೆ ಕಲ್ಲಾಗಿದ್ದಾಳೆ ಎಂದುಕೊಂಡೆವು.

ಮಾರನೆಯ ಬೆಳಿಗ್ಗೆ ಅವಳು ದಡಕ್ಕೆ ಬಂದು, ಮರಳಿನಲ್ಲಿ ಕಡ್ಡಿ ಜೋಡಿಸಿ, ಲಿಕಿಯೆಪ್‌ನಿಂದ ಬಹಳ ದಕ್ಷಿಣಕ್ಕೆ ಬೆರಳಿಟ್ಟಳು. “ಇಲ್ಲಿ ಹುಡುಕಿ. ಮಾರೋ ನಕ್ಷೇಲಿ ಒಂದು ಕಡ್ಡಿ ತಪ್ಪಾಗಿ ಕಟ್ತೀನಿ. ಅದನ್ನ ನಂಬಿದ್ರೆ ಇಲ್ಲಿಗೇ ಹೋಗ್ತಾನೆ.”

“ಒಡೆಯರನ್ನ ಕೇಳ್ದೆ ಹಿಂಗೆ ಎಲ್ಲರ ಮುಂದೆ ಬಿಚ್ಚಿಡ್ತಿದೀಯಲ್ಲಮ್ಮ!” ಎಂದು ಒಡೆಯರ ತಮ್ಮ ಗದರಿದ.

“ಮಗನ್ನ ಒಡೆಯರು ಹೆತ್ಕೊಡ್ತಾರಾ?” ಎಂದಳು. ದೋಣಿಗಳು ದಕ್ಷಿಣಕ್ಕೆ ಹೊರಟವು.

ಹೇಳಿದ ಜಾಗದಲ್ಲೇ ಸಿಕ್ಕ. ಹಾಯಿ ಹರಿದಿತ್ತು, ಎಳನೀರು ಮುಗಿದಿತ್ತು, ಉಸಿರೂ ನಿಂತಿತ್ತು. ನನ್ನ ಗಂಡ ಮತ್ತಿತರರು ಸಂಜೆಯೊಳಗೆ ತಂದು ಚಾಪೆಯ ಮೇಲೆ ಮಲಗಿಸಿದರು. ಲಿಜಿಬಾರ್ ಮಗನ ಕೈ ಎತ್ತಿದಳು. ಮೈ ಇನ್ನೂ ಸೆಟೆದಿರಲಿಲ್ಲ. ನಿದ್ದೆ ಹೋದವನ ಕೈಯಂತೆ ಮೊಣಕೈ ಸಲೀಸಾಗಿ ಮಡಿಚಿಕೊಂಡಿತು. ಎಷ್ಟೋ ಹೆಣಗಳನ್ನು ತೊಳೆದವಳು ಅವಳು, ಜೀವ ಹೋಗಿ ಹೆಚ್ಚು ಹೊತ್ತಾಗಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಹಾಳು ಕಟ್ಟಳೆಯ ಮೇಲೆ ನನಗೆ ಮೈ ಉರಿದುಹೋಯಿತು.

“ನಿನ್ನೆನೇ ಹೇಳಿದ್ದಿದ್ರೆ ಬದುಕಿರ್ತಿದ್ದ, ಅಲ್ವೇನೇ?” ಎಂದು ನನ್ನ ಮುಖ ನೋಡಿದಳು.

“ಇಲ್ಲ ಅತ್ತಿಗೆ” ಎಂದೆ. ಅವಳು ನಂಬಲಿಲ್ಲ.